ಒಂದೇ ದಿನ ಹುಟ್ಟಿದ ಡಿಸ್ಕುಗಳು

2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಗ್ರಾಹಕರಿಗೆ ಒಂದು ಸೂಚನೆ ಹೊರಡಿಸಿತು. ತಾನು ಸರ್ವರ್‌ಗಳಿಗೆಂದು ಮಾರಿದ ಕೆಲವು ಮಾದರಿಯ ಎಸ್‌ಎಸ್‌ಡಿಗಳು, ಒಳಗಿನ ಫರ್ಮ್‌ವೇರ್ ಬದಲಾಯಿಸದೆ ಹೋದರೆ, 32,768 ಗಂಟೆ ಓಡಿದ ಕೂಡಲೇ ಕೆಟ್ಟು ನಿಲ್ಲುತ್ತವೆ ಎಂಬುದು ಅದರ ಸಾರ. ಲೆಕ್ಕ ಹಾಕಿದರೆ 3 ವರ್ಷ, 270 ದಿನ, 8 ಗಂಟೆ. ನಿಂತ ಡಿಸ್ಕನ್ನು ಮತ್ತೆ ಎಬ್ಬಿಸಲು ಬರುವುದಿಲ್ಲ, ಅದರಲ್ಲಿ ಬರೆದಿಟ್ಟದ್ದನ್ನು ಹೊರತೆಗೆಯಲೂ ಬರುವುದಿಲ್ಲ. 32,768 ಎಂದರೆ ಎರಡರ ಹದಿನೈದನೆಯ ಘಾತ. ಋಣ ಸಂಖ್ಯೆಗಳಿಗೂ ಜಾಗ ಬಿಟ್ಟ 16 ಬಿಟ್‌ನ ಎಣಿಕೆ ಖಾನೆಯೊಂದು ತುಂಬಿ ಮಗುಚಿಕೊಳ್ಳುವ ಜಾಗ ಅದು ಎಂದು ಪ್ರೋಗ್ರಾಂ ಬರೆಯುವ ಯಾರಿಗಾದರೂ ಹೊಳೆಯುತ್ತದೆ. ನಾಲ್ಕು ತಿಂಗಳು ಕಳೆದು 2020ರ ಮಾರ್ಚ್‌ನಲ್ಲಿ ಅದೇ ಕಂಪನಿಯಿಂದ ಇನ್ನೊಂದು ಸೂಚನೆ ಬಂತು. ಈ ಸಲ ಬೇರೆ ಮಾದರಿಗಳು, ಬೇರೆ ಗಡುವು: 40,000 ಗಂಟೆ, ಅಂದರೆ 4 ವರ್ಷ, 206 ದಿನ, 16 ಗಂಟೆ.

ಸುದ್ದಿಮನೆಗಳು ಈ ಸಂಖ್ಯೆಗಳನ್ನು ಹಿಡಿದು ಒಂದು ವಾರ ತಮಾಷೆ ಮಾಡಿ ಮರೆತವು. ನನಗೆ ಮುಖ್ಯವೆನಿಸಿದ್ದು ಸೂಚನೆಯ ಒಳಗಿದ್ದ ಇನ್ನೊಂದು ಮಾತು. ಒಂದೇ ಹೊತ್ತಿಗೆ ಕೆಲಸಕ್ಕೆ ಹಚ್ಚಿದ ಡಿಸ್ಕುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೆಡುತ್ತವೆ ಎಂದು ಕಂಪನಿಯೇ ಅಲ್ಲಿ ಹೇಳಿತ್ತು. ಹಲವು ಸರ್ವರ್‌ಗಳ ಡಿಸ್ಕುಗಳನ್ನೆಲ್ಲ ಸೇರಿಸಿ ಒಂದೇ ಸ್ಟೋರೇಜ್ ಪೂಲ್ ಮಾಡಿ, ಅದರ ಮೇಲೆ ಇಡೀ ಸಂಸ್ಥೆಯ ವ್ಯವಹಾರ ನಡೆಸುವವರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇರಲಾರದು.

ಪೂಲ್ ಎಂದರೆ ಊರವರೆಲ್ಲ ತಮ್ಮ ತಮ್ಮ ಚೀಲ ಬಿಟ್ಟು ಒಂದೇ ಹಗೇವಿನಲ್ಲಿ ಜೋಳ ತುಂಬಿಡುವ ವ್ಯವಸ್ಥೆ. ಯಾವ ವರ್ಚುವಲ್ ಯಂತ್ರದ ಕಡತ ಯಾವ ಡಿಸ್ಕಿನಲ್ಲಿದೆ ಎಂದು ಬಳಸುವವರಿಗೆ ಗೊತ್ತಿರಬೇಕಾಗಿಲ್ಲ. ತಂತ್ರಾಂಶವೇ ಪ್ರತಿಯೊಂದು ತುಣುಕಿನ ಎರಡೋ ಮೂರೋ ಪ್ರತಿ ಮಾಡಿ ಬೇರೆ ಬೇರೆ ಸರ್ವರ್‌ಗಳಲ್ಲಿ ಇಡುತ್ತದೆ, ಒಂದು ಹೋದರೆ ಉಳಿದದ್ದರಿಂದ ಮತ್ತೆ ಪ್ರತಿ ತೆಗೆಯುತ್ತದೆ. ಇದು ಹಿಂದೆ ದೊಡ್ಡ ಡೇಟಾ ಸೆಂಟರ್‌ಗಳ ಸೊತ್ತಾಗಿತ್ತು. ಈಗ ಹಾಗಿಲ್ಲ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ, ವರ್ಚುವಲ್ ಯಂತ್ರ ನಡೆಸುವ ತಂತ್ರಾಂಶ ಮಾರುವ ವಿಎಂವೇರ್ ಅನ್ನು ಕೊಂಡಿತು. ಮರುತಿಂಗಳೇ ಒಮ್ಮೆ ದುಡ್ಡು ಕೊಟ್ಟು ಕಾಯಂ ಬಳಸುವ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ, ಎಲ್ಲರನ್ನೂ ಚಂದಾ ಪದ್ಧತಿಗೆ ಎಳೆಯಿತು. ಬಿಲ್ ನೋಡಿ ಬೆಚ್ಚಿದ ಕಾಲೇಜು, ಆಸ್ಪತ್ರೆ, ಸಹಕಾರಿ ಸಂಸ್ಥೆ, ಸಣ್ಣ ಕಂಪನಿಗಳು ಮುಕ್ತ ತಂತ್ರಾಂಶಗಳ ಕಡೆ ತಿರುಗಿದವು. ಅಂಥದ್ದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ಹಾಕಿದರೆ ಅದರೊಳಗೇ ಪೂಲ್ ಕಟ್ಟುವ ಸೆಫ್ ಬರುತ್ತದೆ. ಮೂರು ಸರ್ವರ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ಪೂಲ್ ತಯಾರು. ಕೆಲಸ ಇಷ್ಟು ಸುಲಭವಾದದ್ದು ಒಳ್ಳೆಯದೇ. ಆದರೆ ಪೂಲ್‌ನ ಸುರಕ್ಷತೆಯ ಲೆಕ್ಕ ಎರಡು ನಂಬಿಕೆಗಳ ಮೇಲೆ ನಿಂತಿದೆ: ಡಿಸ್ಕುಗಳು ಒಂದರ ಸಾವಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದೆ ಕೆಡುತ್ತವೆ, ಮತ್ತು ಕೆಟ್ಟದ್ದರ ಪಾಲನ್ನು ಹೊರಲು ಉಳಿದವುಗಳಲ್ಲಿ ಜಾಗವಿದೆ. ಮೂರು ಸರ್ವರ್‌ಗಳ ಸಣ್ಣ ಪೂಲ್‌ಗಳನ್ನು ನಾವು ಕಟ್ಟುತ್ತಿರುವ ರೀತಿಯಲ್ಲಿ ಈ ಎರಡೂ ಸುಳ್ಳಾಗುತ್ತವೆ. 2024, 2025ರಲ್ಲಿ ಕಟ್ಟಿದ ಪೂಲ್‌ಗಳು ತುಂಬುವುದೂ, ಅವುಗಳ ಡಿಸ್ಕುಗಳಿಗೆ ಒಟ್ಟಿಗೇ ವಯಸ್ಸಾಗುವುದೂ 2027ರಿಂದ 2029ರ ನಡುವೆ. ನನ್ನ ಆತಂಕ ಆ ಅವಧಿಯ ಬಗ್ಗೆ.

ಮೊದಲ ನಂಬಿಕೆಯನ್ನು ನೋಡೋಣ. 2007ರ ಹೊತ್ತಿಗೆ ತಯಾರಕರ ಕಾಗದದಲ್ಲಿ ಡಿಸ್ಕಿನ ಸರಾಸರಿ ಆಯುಷ್ಯ 10ರಿಂದ 15 ಲಕ್ಷ ಗಂಟೆ ಎಂದಿರುತ್ತಿತ್ತು. ಅದನ್ನು ನಂಬಿದರೆ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕೂ ಕೆಡಬಾರದು, ಹೆಚ್ಚೆಂದರೆ ಶೇ. 0.88. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2007ರಲ್ಲಿ ಸುಮಾರು 1 ಲಕ್ಷ ಡಿಸ್ಕುಗಳ ನಿಜವಾದ ದಾಖಲೆ ತೆಗೆದು ನೋಡಿದಾಗ, ವರ್ಷಕ್ಕೆ ಶೇ. 2ರಿಂದ 4 ಬದಲಾಗುವುದು ಸಾಮಾನ್ಯವಾಗಿತ್ತು. ಕೆಲವು ಕಡೆ ಶೇ. 13ರವರೆಗೂ ಹೋಗಿತ್ತು. ಈ ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಒಂದು ಕ್ಲಸ್ಟರ್‌ನಲ್ಲಿ ಒಂದು ಡಿಸ್ಕು ಕೆಟ್ಟ ಒಂದೇ ಗಂಟೆಯೊಳಗೆ ಇನ್ನೊಂದು ಕೆಡುವ ಸಾಧ್ಯತೆ, ಪುಸ್ತಕದ ಗಣಿತ ಹೇಳಿದ್ದಕ್ಕಿಂತ ನಾಲ್ಕು ಪಟ್ಟಿತ್ತು. ಹತ್ತು ಗಂಟೆಯ ಅವಧಿಗೆ ಎರಡು ಪಟ್ಟು. ಡಿಸ್ಕುಗಳು ಗುಂಪಾಗಿ ಸಾಯುತ್ತವೆ. ಒಂದೇ ಬಿಸಿ, ಒಂದೇ ವಿದ್ಯುತ್ತು, ಒಂದೇ ಕಾರ್ಖಾನೆಯ ಒಂದೇ ವಾರದ ಮಾಲು ಎಂದಮೇಲೆ ಆಶ್ಚರ್ಯಪಡುವುದೇನಿದೆ?

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಅನುದಾನ ಮಾರ್ಚ್ 31ರೊಳಗೆ ಖರ್ಚಾಗಬೇಕು. ಹಾಗಾಗಿ ಒಂದು ಟೆಂಡರ್, ಒಬ್ಬ ಸರಬರಾಜುದಾರ, ಒಂದು ಇನ್‌ವಾಯ್ಸ್, ಒಂದೇ ಲಾರಿಯಲ್ಲಿ ಬಂದ ಪೆಟ್ಟಿಗೆಗಳು. ದಾಸ್ತಾನು ಪುಸ್ತಕ ತೆರೆದು ನೋಡಿದರೆ ಡಿಸ್ಕುಗಳ ಸೀರಿಯಲ್ ನಂಬರ್ ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಲೆಕ್ಕಪರಿಶೋಧಕರಿಗೆ ಇದು ಅಚ್ಚುಕಟ್ಟು. ಮೂರು ಪ್ರತಿ ಇಡುವ ಪೂಲ್‌ಗೆ ಇದರರ್ಥ, ಮೂರೂ ಪ್ರತಿಗಳು ಒಡಹುಟ್ಟಿದ ಡಿಸ್ಕುಗಳ ಮೇಲಿವೆ ಎಂದು.

ಎಸ್‌ಎಸ್‌ಡಿಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಸ್‌ಎಸ್‌ಡಿ ಸವೆಯುವುದು ಅದರ ಮೇಲೆ ಎಷ್ಟು ಬರೆದಿದ್ದೇವೆ ಎನ್ನುವುದರಿಂದ. ಒಳ್ಳೆಯ ಪೂಲ್ ತಂತ್ರಾಂಶ ಎಲ್ಲ ಡಿಸ್ಕುಗಳಿಗೂ ಬರವಣಿಗೆಯನ್ನು ಸಮನಾಗಿ ಹಂಚುತ್ತದೆ. ಹಂಚದಿದ್ದರೆ ಅದನ್ನು ದೋಷವೆಂದೇ ಎಣಿಸುತ್ತೇವೆ. ಹೀಗೆ ಸಮನಾಗಿ ಹಂಚಿ ಹಂಚಿ ಎಲ್ಲವನ್ನೂ ಒಂದೇ ದಿನಾಂಕದ ಕಡೆಗೆ ನಡೆಸಿಕೊಂಡು ಹೋಗುತ್ತದೆ. 2010ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ಡಿಫರೆನ್ಷಿಯಲ್ ರೇಡ್ ಎಂಬ ಪ್ರಬಂಧದಲ್ಲಿ ಇದೇ ಮಾತನ್ನು ಎತ್ತಿ, ಬೇಕೆಂದೇ ಬರವಣಿಗೆಯನ್ನು ಅಸಮವಾಗಿ ಹಂಚಿ ಡಿಸ್ಕುಗಳ ವಯಸ್ಸಿನಲ್ಲಿ ಅಂತರ ಇಡಬೇಕು ಎಂದು ತೋರಿಸಿದರು. ಆ ಬುದ್ಧಿಮಾತು ನಾವು ದಿನವೂ ಬಳಸುವ ತಂತ್ರಾಂಶಗಳ ಡಿಫಾಲ್ಟ್ ಆಗಿ ಬೇರೂರಲೇ ಇಲ್ಲ.

ಇನ್ನು ಎರಡನೆಯ ನಂಬಿಕೆ, ಅಂದರೆ ಜಾಗದ ಲೆಕ್ಕ. ಇದರಲ್ಲಿ ಊಹೆಗೆ ಆಸ್ಪದವೇ ಇಲ್ಲ, ಬರೀ ಕೂಡು-ಭಾಗಿಸು. ಮೂರು ಸರ್ವರ್, ಒಂದೊಂದರಲ್ಲಿ 8 ಟಿಬಿಯ ನಾಲ್ಕು ಡಿಸ್ಕು ಎಂದಿಟ್ಟುಕೊಳ್ಳಿ. ಬಿಲ್ಲಿನಲ್ಲಿ 96 ಟಿಬಿ. ಸೆಫ್‌ನ ಡಿಫಾಲ್ಟ್‌ನಂತೆ ಮೂರು ಪ್ರತಿ ಇಟ್ಟರೆ ಬಳಕೆಗೆ 32. ಈಗ ಒಂದು ಡಿಸ್ಕು ಕೆಟ್ಟಿತು. ಬೇರೆ ಎರಡು ಸರ್ವರ್‌ಗಳಲ್ಲಿ ಆಗಲೇ ಒಂದೊಂದು ಪ್ರತಿ ಇರುವುದರಿಂದ, ಹೋದ ಪ್ರತಿಯನ್ನು ಅದೇ ಸರ್ವರ್‌ನ ಉಳಿದ ಮೂರು ಡಿಸ್ಕುಗಳೇ ಹೊರಬೇಕು. ಎಲ್ಲವೂ ಶೇ. 75 ತುಂಬಿದ್ದವು ಎನ್ನಿ. ನಾಲ್ಕು ಡಿಸ್ಕಿನ ಸರಕು ಮೂರಕ್ಕೆ ಹಂಚಿದರೆ ತಲಾ ಶೇ. 100. ಆದರೆ ಸೆಫ್ ಅಲ್ಲಿಯವರೆಗೆ ಹೋಗುವುದಿಲ್ಲ. ಡಿಸ್ಕು ಶೇ. 85 ತುಂಬಿದಾಗ ಎಚ್ಚರಿಕೆ ಕೊಡುತ್ತದೆ, 90ಕ್ಕೆ ಆ ಡಿಸ್ಕಿಗೆ ಹೊಸ ಪ್ರತಿ ಸಾಗಿಸುವುದನ್ನು ನಿಲ್ಲಿಸುತ್ತದೆ, 95ಕ್ಕೆ ಬಳಕೆದಾರರ ಬರವಣಿಗೆಯನ್ನೇ ತಡೆಯುತ್ತದೆ. ಈ 95 ಸರಾಸರಿಯ ಮಾತಲ್ಲ. ಯಾವುದಾದರೂ ಒಂದು ಡಿಸ್ಕು ಆ ಗೆರೆ ಮುಟ್ಟಿದರೆ ಸಾಕು. ಡಿಸ್ಕುಗಳು ಎಂದೂ ಸರಿಸಮ ತುಂಬಿರುವುದಿಲ್ಲ. ಹಾಗಾಗಿ ಬೆಳಿಗ್ಗೆ ಶೇ. 75ರಲ್ಲಿ ಹಸಿರು ದೀಪ ತೋರಿಸುತ್ತಿದ್ದ ಪೂಲ್, ಒಂದೇ ಡಿಸ್ಕಿನ ಸಾವಿಗೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ಸಂಜೆಯೊಳಗೆ ಎಲ್ಲ ವರ್ಚುವಲ್ ಯಂತ್ರಗಳನ್ನೂ ಒಟ್ಟಿಗೆ ನಿಲ್ಲಿಸಬಹುದು.

ಉಳಿದ ಮೂರು ಡಿಸ್ಕುಗಳು ಶೇ. 85ರ ಒಳಗೇ ಇರಬೇಕೆಂದರೆ ಮೊದಲೇ ಎಷ್ಟು ತುಂಬಿರಬೇಕು? 85ರ ಮುಕ್ಕಾಲು, ಹತ್ತಿರ ಹತ್ತಿರ 64. ಅಂದರೆ 32 ಟಿಬಿಯಲ್ಲಿ 20. 96 ಟಿಬಿಗೆ ದುಡ್ಡು ಕೊಟ್ಟು 20 ಟಿಬಿಯಷ್ಟೇ ಬಳಸಬಹುದು ಎಂದು ಆಡಳಿತ ಮಂಡಳಿಯ ಮುಂದೆ ಹೇಳುವ ಧೈರ್ಯ ಎಷ್ಟು ಜನ ಸಿಸ್ಟಂ ಅಡ್ಮಿನ್‌ಗಳಿಗಿದೆ? ಹೇಳದೆ ಬಿಟ್ಟರೆ ಆಗುವುದು ಇಷ್ಟು: ಜಾಗ ಖಾಲಿಯಿದೆಯಲ್ಲ ಎಂದು ಸಿಸಿಟಿವಿ ದೃಶ್ಯಗಳನ್ನೂ ಅಲ್ಲೇ ಸುರಿಯುತ್ತಾರೆ. ಅಥವಾ ಮೂರು ಪ್ರತಿಯ ಬದಲು ಎರಡಕ್ಕೆ ಇಳಿಸಿ ಜಾಗ 'ಉಳಿಸುತ್ತಾರೆ'. ಇನ್ನು ಒಂದು ಡಿಸ್ಕಿನ ಬದಲು ಒಂದು ಇಡೀ ಸರ್ವರ್ ಹೋದರೆ ಮೂರು ಸರ್ವರ್‌ಗಳ ಪೂಲ್‌ಗೆ ಗಾಯ ಮಾಯಿಸಿಕೊಳ್ಳುವ ದಾರಿಯೇ ಇಲ್ಲ. ಮೂರನೆಯ ಪ್ರತಿಗೆ ಮೂರನೆಯ ಮನೆ ಇಲ್ಲವಲ್ಲ. ಮೈಕ್ರೋಸಾಫ್ಟ್ ತನ್ನ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಎಂಬ ಪೂಲ್ ತಂತ್ರಾಂಶ ಬಳಸುವವರಿಗೆ, ಸರ್ವರ್‌ಗೆ ಒಂದು ಡಿಸ್ಕಿನಷ್ಟು, ಹೆಚ್ಚೆಂದರೆ ನಾಲ್ಕು ಡಿಸ್ಕಿನಷ್ಟು, ಜಾಗವನ್ನು ಯಾವುದಕ್ಕೂ ಹಂಚದೆ ಬಿಡಿ ಎಂದು ಶಿಫಾರಸು ಮಾಡುತ್ತದೆ. ಶಿಫಾರಸು ಮಾತ್ರ, ಮೀರಿದರೆ ಯಾರೂ ತಡೆಯುವುದಿಲ್ಲ.

ಥಿನ್ ಪ್ರಾವಿಷನಿಂಗ್ ಎಂಬ ಸೌಲಭ್ಯ ಈ ಲೆಕ್ಕವನ್ನು ಕಣ್ಣಿನಿಂದ ಮರೆಮಾಡುತ್ತದೆ. 20 ಟಿಬಿ ಇರುವಲ್ಲಿ 60 ಟಿಬಿ ಕೊಟ್ಟಂತೆ ತೋರಿಸಬಹುದು, ಬರೆದಷ್ಟಕ್ಕೆ ಮಾತ್ರ ನಿಜವಾದ ಜಾಗ ಹೋಗುತ್ತದೆ. ಸರಿಯಾಗಿ ನೋಡಿಕೊಂಡರೆ ಇದು ಉಪಯುಕ್ತವೇ. ಆದರೆ ವರ್ಚುವಲ್ ಯಂತ್ರದ ಒಳಗೆ ಕಡತ ಅಳಿಸಿದರೆ, ಡಿಸ್ಕಾರ್ಡ್ ವ್ಯವಸ್ಥೆ ಚಾಲೂ ಮಾಡಿರದಿದ್ದರೆ, ಆ ಸುದ್ದಿ ಪೂಲ್‌ಗೆ ತಲುಪುವುದೇ ಇಲ್ಲ. ಒಳಗಿನವರು ಅರ್ಧ ಖಾಲಿ ಎಂದುಕೊಂಡಿರುತ್ತಾರೆ, ಪೂಲ್ ಮಾತ್ರ ತುಂಬುತ್ತಲೇ ಇರುತ್ತದೆ. ಮರೆತುಬಿಟ್ಟ ಹಳೆಯ ಸ್ನ್ಯಾಪ್‌ಶಾಟ್‌ಗಳದ್ದೂ ಇದೇ ಕಥೆ.

ಜಾಗದ ಕೊರತೆ ಸಣ್ಣವರ ಗೋಳು ಎಂದುಕೊಳ್ಳಬೇಡಿ. 2011ರ ಏಪ್ರಿಲ್ 21ರಂದು ಅಮೆಜಾನ್‌ನ ಉತ್ತರ ವರ್ಜೀನಿಯಾದ ಒಂದು ಡೇಟಾ ಸೆಂಟರ್ ವಲಯದಲ್ಲಿ ನೆಟ್‌ವರ್ಕ್ ಸಾಮರ್ಥ್ಯ ಹೆಚ್ಚಿಸುವ ಕೆಲಸ ನಡೆದಿತ್ತು. ದಟ್ಟಣೆಯನ್ನು ತಪ್ಪು ದಾರಿಗೆ, ಅಷ್ಟು ಹೊರಲಾರದ ಸಣ್ಣ ನೆಟ್‌ವರ್ಕಿಗೆ ತಿರುಗಿಸಿಬಿಟ್ಟರು. ಸ್ಟೋರೇಜ್ ಸರ್ವರ್‌ಗಳಿಗೆ ತಮ್ಮ ಜೊತೆ ಪ್ರತಿಗಳ ಸಂಪರ್ಕ ತಪ್ಪಿತು. ನೆಟ್‌ವರ್ಕ್ ಸರಿಯಾದ ಕೂಡಲೇ ಅವೆಲ್ಲವೂ ಒಂದೇ ಸಲಕ್ಕೆ ಹೊಸ ಪ್ರತಿ ಮಾಡಲು ಖಾಲಿ ಜಾಗ ಹುಡುಕತೊಡಗಿದವು. ಇದ್ದ ಖಾಲಿ ಜಾಗ ಬೇಗನೆ ಮುಗಿಯಿತು, ಸಿಗದವು ಮತ್ತೆ ಮತ್ತೆ ಕೇಳುತ್ತಲೇ ಉಳಿದವು. ಆ ವಲಯದ ಶೇ. 13ರಷ್ಟು ವಾಲ್ಯೂಮ್‌ಗಳು ಸಿಕ್ಕಿಕೊಂಡವು. ಕೊನೆಗೆ ಬೇರೆಡೆಯಿಂದ ಹೆಚ್ಚುವರಿ ಸರ್ವರ್‌ಗಳನ್ನು ತಂದು ಸೇರಿಸಿದ ಮೇಲೆಯೇ ಬಹುಪಾಲು ಬಿಡಿಸಿಕೊಂಡದ್ದು, ಶೇ. 0.07ರಷ್ಟು ಮರಳಿ ಬರಲೇ ಇಲ್ಲ. ಡಿಸ್ಕುಗಳು ಕೆಟ್ಟದ್ದರಿಂದ ಶುರುವಾದ ಅನಾಹುತ ಇದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಗುಣಪಡಿಸಲೆಂದು ಇಟ್ಟ ವ್ಯವಸ್ಥೆಯೇ ಪೂಲ್ ಅನ್ನು ಕಟ್ಟಿಹಾಕಿತು. ಅಮೆಜಾನ್‌ಗೆ ಹೆಚ್ಚುವರಿ ಸರ್ವರ್ ತರಲು ಗೋದಾಮಿತ್ತು, ಜನರಿದ್ದರು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಇರುವುದು ಮುಂದಿನ ವರ್ಷದ ಬಜೆಟ್.

ಮರುಪ್ರತಿಗೆ ಹಿಡಿಯುವ ಹೊತ್ತೂ ಅಪಾಯದ ಭಾಗವೇ. ದೊಡ್ಡ ಕ್ಲಸ್ಟರ್‌ನಲ್ಲಿ ನೂರಾರು ಡಿಸ್ಕುಗಳು ಕೆಲಸ ಹಂಚಿಕೊಂಡು ಬೇಗ ಮುಗಿಸುತ್ತವೆ. ಪೂಲ್‌ನ ನಿಜವಾದ ವರ ಅದು. ಸಣ್ಣದರಲ್ಲಿ ಆ ಅನುಕೂಲವಿಲ್ಲ. ಮುಕ್ಕಾಲು ತುಂಬಿದ 8 ಟಿಬಿ ಡಿಸ್ಕಿನ 6 ಟಿಬಿಯನ್ನು 1 ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸಾಗಿಸಲು, ಬೇರೆ ಯಾವ ಕೆಲಸವನ್ನೂ ಮಾಡದಿದ್ದರೂ, 13 ಗಂಟೆ ಬೇಕು. ಹಗಲಲ್ಲಿ ಸಂಸ್ಥೆಯ ಕೆಲಸವೂ ಅದೇ ತಂತಿಯಲ್ಲಿ ನಡೆದರೆ ಎರಡು, ಮೂರು ದಿನ. ಆ ಹೊತ್ತಿನಲ್ಲಿ ಉಳಿದ ಡಿಸ್ಕುಗಳ ಮೂಲೆಮೂಲೆಯನ್ನೂ ಓದಬೇಕಾಗುತ್ತದೆ, ತಿಂಗಳುಗಟ್ಟಲೆ ಯಾರೂ ಮುಟ್ಟದ ಮೂಲೆಗಳನ್ನು ಸಹ. ನೆಟ್‌ಆ್ಯಪ್ ಕಂಪನಿಯ 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೆದದ್ದೊಂದು ಓದಿದ್ದೊಂದು ಆದ ಪ್ರಸಂಗಗಳು 4 ಲಕ್ಷಕ್ಕೂ ಹೆಚ್ಚು ಸಿಕ್ಕವು. ಡಿಸ್ಕು ತಾನಾಗಿ ದೋಷ ಹೇಳಿಕೊಂಡ ಪ್ರಸಂಗಗಳಲ್ಲ ಇವು. ಚೆಕ್‌ಸಮ್ ತಾಳೆ ನೋಡಿದ್ದಕ್ಕೆ ಹೊರಬಿದ್ದವು. ಅವುಗಳಲ್ಲಿ ಶೇ. 8ರಷ್ಟು ಬಯಲಾದದ್ದು ಕೆಟ್ಟ ಡಿಸ್ಕಿನ ಮರುನಿರ್ಮಾಣದ ನಡುವೆ, ಕೈಯಲ್ಲಿ ಬೇರೆ ಪ್ರತಿ ಇಲ್ಲದಿರಬಹುದಾದ ಹೊತ್ತಿನಲ್ಲಿ. ಸೆಫ್ ವಾರಕ್ಕೊಮ್ಮೆ ಎಲ್ಲ ಪ್ರತಿಗಳನ್ನೂ ಓದಿ ತಾಳೆ ನೋಡುವ ಡೀಪ್ ಸ್ಕ್ರಬ್ ಮಾಡುವುದು ಇದಕ್ಕಾಗಿಯೇ. ಸಿಸ್ಟಂ ನಿಧಾನವಾಯಿತು ಎಂದು ದೂರು ಬಂದಾಗ ಮೊದಲು ಆಫ್ ಆಗುವುದೂ ಅದೇ.

ಎರಡೂ ನಂಬಿಕೆ ಕುಸಿದ ರಾತ್ರಿ ಹೇಗಿರುತ್ತದೆ? ಮೊದಲ ಸರ್ವರ್ ನಿಂತಿದೆ, ಬಿಡಿಭಾಗ ಬರಬೇಕು. ಎರಡನೆಯದರಲ್ಲಿ ಒಂದು ಡಿಸ್ಕು ಹೋಯಿತು. ಕೆಲವು ತುಣುಕುಗಳಿಗೆ ಈಗ ಮೂರನೆಯ ಸರ್ವರ್‌ನಲ್ಲಿ ಒಂದೇ ಪ್ರತಿ. ಕನಿಷ್ಠ ಎರಡು ಪ್ರತಿ ಇಲ್ಲದಿದ್ದರೆ ಓದು-ಬರಹ ನಿಲ್ಲಿಸು ಎಂಬ ಡಿಫಾಲ್ಟ್‌ನಂತೆ ಸೆಫ್ ಆ ಭಾಗವನ್ನು ನಿಲ್ಲಿಸುತ್ತದೆ. ಮೇಲಧಿಕಾರಿಯ ಫೋನು ನಿಲ್ಲುವುದಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಒಂದು ಸಾಲಿನ ಮದ್ದು ಸಿಗುತ್ತದೆ: ಕನಿಷ್ಠವನ್ನು ಒಂದಕ್ಕೆ ಇಳಿಸಿ. ಇಳಿಸಿದ ಕೂಡಲೇ ಎಲ್ಲವೂ ಓಡುತ್ತದೆ. ಆ ಕ್ಷಣದಿಂದ ಆ ತುಣುಕುಗಳಿಗೆ ಬರೆದ ಪ್ರತಿಯೊಂದೂ ಒಂದೇ ಡಿಸ್ಕಿನ ಮೇಲಿರುತ್ತದೆ, ಅದೂ ಸತ್ತ ಡಿಸ್ಕಿನ ಒಡಹುಟ್ಟಿದ್ದರ ಮೇಲೆ, ಅದೂ ಮರುಪ್ರತಿಯ ಓದಿನಿಂದ ದಣಿದದ್ದರ ಮೇಲೆ. ಅದೂ ಹೋದರೆ, ಮೊದಲ ಸರ್ವರ್ ಎದ್ದು ಬಂದರೂ ಅದರಲ್ಲಿರುವುದು ಹಳೆಯ ಪ್ರತಿ. ಹೊಸದೊಂದು ಇತ್ತೆಂದು ಪೂಲ್‌ಗೆ ಗೊತ್ತು, ಹಾಗಾಗಿ ಹಳೆಯದನ್ನು ಕೊಡಲು ಒಪ್ಪುವುದಿಲ್ಲ. ಹೊಸದು ಕಳೆದುಹೋಯಿತು ಎಂದು ಮನುಷ್ಯರೇ ಒಪ್ಪಿ ಬರೆದುಕೊಡಬೇಕು.

ಎರಡೇ ಸರ್ವರ್ ಇರುವ ಕ್ಲಸ್ಟರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುವಿನ ತಂತಿ ಕಡಿದರೆ ಎರಡೂ ತಾನೇ ಯಜಮಾನ ಎಂದುಕೊಂಡು ಬೇರೆ ಬೇರೆ ಬರೆಯತೊಡಗಬಹುದು, ಆದ್ದರಿಂದ ಮೂರನೆಯ ಮತಕ್ಕೆ ಬೇರೆ ಜಾಗದಲ್ಲಿ ಒಂದು ವಿಟ್ನೆಸ್ ಇರಲೇಬೇಕು. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನ ಅಮೆರಿಕ ಪೂರ್ವ ಕರಾವಳಿಯ ನೆಟ್‌ವರ್ಕ್ ಕೇಂದ್ರಕ್ಕೂ ಅಲ್ಲಿನ ಮುಖ್ಯ ಡೇಟಾ ಸೆಂಟರ್‌ಗೂ ನಡುವೆ ಸಂಪರ್ಕ ತಪ್ಪಿದ್ದು 43 ಸೆಕೆಂಡು. ಪೂರ್ವ, ಪಶ್ಚಿಮ ಎರಡೂ ಕರಾವಳಿಗಳ ಡೇಟಾಬೇಸ್‌ಗಳಲ್ಲಿ ಬೇರೆ ಬೇರೆ ಬರವಣಿಗೆ ಬಿದ್ದದ್ದರಿಂದ ಸೇವೆಯನ್ನು ಮೊದಲಿನಂತೆ ಮಾಡಲು 24 ಗಂಟೆ 11 ನಿಮಿಷ ಹಿಡಿಯಿತು.

ಇಷ್ಟೆಲ್ಲ ಸರಿಪಡಿಸಿದರೂ ಪೂಲ್‌ಗೆ ಒಂದು ಕುರುಡಿದೆ. ಅಳಿಸು ಎಂದರೆ ಮೂರೂ ಪ್ರತಿಗಳನ್ನು ನಿಷ್ಠೆಯಿಂದ ಅಳಿಸುತ್ತದೆ. 2021ರ ಡಿಸೆಂಬರ್‌ನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನ ಹಂಚಿಕೆಯ ಸ್ಟೋರೇಜ್‌ನಲ್ಲಿ ಹಳೆಯ ಲಾಗ್ ಕಡತಗಳನ್ನು ತೆಗೆಯುವ ಸ್ಕ್ರಿಪ್ಟ್ ಒಂದು ಓಡುತ್ತಿತ್ತು. ಓಡುತ್ತಿರುವಾಗಲೇ ಅದರ ಮೇಲೆ ಹೊಸ ಆವೃತ್ತಿಯನ್ನು ಬರೆದರು. ಬ್ಯಾಷ್ ಸ್ಕ್ರಿಪ್ಟನ್ನು ಓದುತ್ತಾ ಓದುತ್ತಾ ನಡೆಸುವುದರಿಂದ ಅರ್ಧದಿಂದ ಮುಂದೆ ಹೊಸದನ್ನು ಓದಿತು, ಜಾಗದ ಹೆಸರು ಹೇಳಬೇಕಾದ ಚರಾಂಕ ಖಾಲಿಯಾಗಿತ್ತು. ಲಾಗ್‌ಗಳ ಬದಲು ಸಂಶೋಧಕರ ಕಡತಗಳೇ ಅಳಿಸಿಹೋದವು: 77 ಟಿಬಿ, ಸುಮಾರು 3.4 ಕೋಟಿ ಕಡತ, 14 ಸಂಶೋಧನಾ ತಂಡಗಳದ್ದು. ನಾಲ್ಕು ತಂಡಗಳಿಗೆ ಮರಳಿ ಕೊಡಲು ಏನೂ ಇರಲಿಲ್ಲ. ಡಿಸ್ಕುಗಳೆಲ್ಲ ಆರೋಗ್ಯವಾಗಿಯೇ ಇದ್ದವು.

ದಕ್ಷಿಣ ಕೊರಿಯಾದ್ದು ಇನ್ನೂ ಹತ್ತಿರದ ನೆನಪು. ಸರ್ಕಾರಿ ನೌಕರರಿಗೆ ತಲಾ 30 ಜಿಬಿ ಕೊಟ್ಟು, ಕಚೇರಿಯ ಕಡತಗಳನ್ನು ಇಡಲೆಂದು ಜಿ-ಡ್ರೈವ್ ಎಂಬ ಹಂಚಿಕೆಯ ಸಂಗ್ರಹ ಕಟ್ಟಿದ್ದರು. 2025ರ ಸೆಪ್ಟೆಂಬರ್ 26ರಂದು ಡೇಜಾನ್‌ನ ರಾಷ್ಟ್ರೀಯ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. 709 ಸರ್ಕಾರಿ ಸೇವೆಗಳು ನಿಂತವು. ಬಹುಪಾಲು ನಿಧಾನಕ್ಕೆ ಎದ್ದವು. ಜಿ-ಡ್ರೈವ್‌ನ 858 ಟಿಬಿ ಏಳಲಿಲ್ಲ. ಬೇರೆಡೆ ಬ್ಯಾಕಪ್ ಯಾಕಿರಲಿಲ್ಲ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ, ಸಂಗ್ರಹ ಬಹಳ ದೊಡ್ಡದು ಎಂದು. ದೊಡ್ಡದಾದ್ದರಿಂದ ಬ್ಯಾಕಪ್ ಇಲ್ಲ ಎನ್ನುವ ಮಾತು ನಮ್ಮ ಕಚೇರಿಗಳಲ್ಲಿ ಕೇಳಿಬರದ ಮಾತೇನಲ್ಲ.

ಈಗಾಗಲೇ ಓಡುತ್ತಿರುವ ಪೂಲ್‌ಗಳಿಗೆ ಏನು ಮಾಡಬಹುದು? ಒಂದು ಸಂಜೆಯ ಕೆಲಸ ಮೊದಲು: ಪ್ರತಿ ಡಿಸ್ಕಿನ ತಯಾರಕ, ಮಾದರಿ, ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ, ಎಷ್ಟು ಗಂಟೆ ಓಡಿದೆ ಎಂಬುದನ್ನು ತೆಗೆದು ಒಂದು ಹಾಳೆಯಲ್ಲಿ ಬರೆಯಿರಿ. ಗಂಟೆಗಳ ಅಂಕಣ ಮೇಲಿಂದ ಕೆಳಗೆ ಒಂದೇ ಸಂಖ್ಯೆಯಾಗಿದ್ದರೆ, ಎರಡನೆಯ ವರ್ಷ ಮುಗಿಯುವ ಮೊದಲೇ ಚೆನ್ನಾಗಿರುವ ಡಿಸ್ಕುಗಳಲ್ಲೇ ಕೆಲವನ್ನು ಬೇರೆ ತಯಾರಕರದ್ದಕ್ಕೆ ಬದಲಾಯಿಸಿ, ತೆಗೆದದ್ದನ್ನು ಬಿಡಿ ಡಿಸ್ಕುಗಳಾಗಿ ಬೀರುವಿನಲ್ಲಿಡಿ. ಎಲ್ಲ ಸರ್ವರ್‌ಗಳಲ್ಲೂ ಒಟ್ಟಿಗೆ ಬೇಡ. ಒಂದು ಮುಗಿದು ಪೂಲ್ ಪೂರ್ತಿ ಹಸಿರಾದ ಮೇಲೆ ಇನ್ನೊಂದು. ಚೆನ್ನಾಗಿರುವುದನ್ನು ಯಾಕೆ ಕಿತ್ತಿರಿ ಎಂದು ಆಡಿಟ್ ಆಕ್ಷೇಪ ಬರುತ್ತದೆ, ಅದಕ್ಕೆ ಮೇಲಿನ ಹಾಳೆಯೇ ಉತ್ತರ. ಸಾಧ್ಯವಿದ್ದರೆ ನಾಲ್ಕನೆಯ ಸರ್ವರ್ ಸೇರಿಸಿ. ಪೂಲ್‌ಗೆ ಅದರಿಂದ ಸಿಗುವ ಲಾಭ ಇರುವ ಮೂರರಲ್ಲಿ ಡಿಸ್ಕು ಹೆಚ್ಚಿಸುವುದಕ್ಕಿಂತ ದೊಡ್ಡದು. ಬ್ಯಾಕಪ್ ಬೇರೆ ಕಟ್ಟಡದಲ್ಲಿ, ಬೇರೆ ಪಾಸ್‌ವರ್ಡ್‌ನ ಕೆಳಗೆ ಇರಲಿ, ಮತ್ತು ಅದರಿಂದ ಒಂದು ಯಂತ್ರವನ್ನಾದರೂ ನಿಜವಾಗಿ ಎಬ್ಬಿಸಿ ನೋಡಿ. ರಜೆಯ ದಿನ ಒಂದು ಸರ್ವರ್‌ನ ತಂತಿ ಕಿತ್ತು ಪೂಲ್ ಏನು ಮಾಡುತ್ತದೆಂದು ನೋಡುವುದನ್ನೂ, ಆ ಬ್ಯಾಕಪ್ ಕೈಯಲ್ಲಿದ್ದ ಮೇಲೆ, ಮಾಡಬೇಕು.

ಜಾಗದ ವಿಷಯದಲ್ಲಿ, ತಂತ್ರಾಂಶ ತಾನಾಗಿ ಕೊಡುವ 85ರ ಎಚ್ಚರಿಕೆ ಮೂರು ಸರ್ವರ್‌ಗಳಿಗೆ ತಡವಾಗಿ ಬರುವ ಎಚ್ಚರಿಕೆ. ನಾಲ್ಕು ಡಿಸ್ಕಿನ ಸರ್ವರ್‌ಗಳಾದರೆ ಗೆರೆಯನ್ನು 64ಕ್ಕೆ ಎಳೆಯಿರಿ. ಟೆಂಡರ್ ಕರೆದು, ದರ ಒಪ್ಪಿ, ಮಾಲು ಬಂದು ಜೋಡಿಸುವಷ್ಟರಲ್ಲಿ ಆರು ತಿಂಗಳು ಹೋಗುವ ಕಡೆ ಖರೀದಿಯ ಕಡತ ಶೇ. 50ಕ್ಕೇ ಏಳಬೇಕು. ಆ ಎಚ್ಚರಿಕೆಯ ಇ-ಮೇಲ್ ಈಗ ಸಿಸ್ಟಂ ಅಡ್ಮಿನ್‌ಗೆ ಮಾತ್ರ ಹೋಗುತ್ತಿದೆ. ಕಡತಕ್ಕೆ ಸಹಿ ಹಾಕುವವರ ವಿಳಾಸವನ್ನೂ ಅದೇ ಪಟ್ಟಿಗೆ ಸೇರಿಸಲು ಎರಡು ನಿಮಿಷ ಸಾಕು.